ಶತಮಾನದ ಹಿಂದಿನ ಟೂರಿಂಗ್ ಕಾರು ಕೊಳ್ಳಬೇಕೇ? ಮೊದಲು ನಿಮ್ಮ ರಸ್ತೆ ನೋಡಿ

"ಒಂದು ಹಳೇ ಟೂರಿಂಗ್ ಕಾರು ತಗೋಬೇಕು ಅಂತಿದೀನಿ. ಮಾಡೆಲ್ ಟಿ ತಗೊಳ್ಳಲಾ, ಡಾಡ್ಜ್ ತಗೊಳ್ಳಲಾ?" ಅಮೆರಿಕದಲ್ಲಿರುವ ಕನ್ನಡಿಗರು ಹೀಗೆ ಕೇಳುತ್ತಾರೆ. ಇಂಗ್ಲೆಂಡಿನಲ್ಲಿರುವವರು ಕೇಳುತ್ತಾರೆ. ಈಚೆಗೆ ಬೆಂಗಳೂರು, ಮೈಸೂರಿನವರೂ ಕೇಳತೊಡಗಿದ್ದಾರೆ. ಟೂರಿಂಗ್ ಅಂದರೆ ಹಿಂದೆಯೂ ಸೀಟಿರುವ, ಮೇಲಿನ ಹುಡ್ ಮಡಚಿಡಬಹುದಾದ ತೆರೆದ ಕಾರು. ಕೇಳುವವರ ಮೊಬೈಲಿನಲ್ಲಿ ನಾಲ್ಕೈದು ಕಾರುಗಳ ಫೋಟೊ ಇರುತ್ತದೆ. ಎಲ್ಲವೂ ಚೆಂದವೇ. ಎತ್ತರದ ಚಕ್ರ, ಅಗಲ ಮಡ್‌ಗಾರ್ಡ್, ಹತ್ತಲು ಫುಟ್‌ಬೋರ್ಡ್, ಹಿಂದಕ್ಕೆ ಮಡಚಿಟ್ಟ ಕ್ಯಾನ್ವಾಸ್ ಹುಡ್. ಶೆಡ್ಡಿನಲ್ಲಿ ನಿಲ್ಲಿಸಿ ನೋಡುವುದಾದರೆ ಯಾವುದನ್ನಾದರೂ ತಗೊಳ್ಳಿ. ಓಡಿಸುವುದಾದರೆ ಲೆಕ್ಕ ಬೇರೆ.

ಇಲ್ಲಿ ಐದು ಕಾರುಗಳನ್ನು ಎದುರುಬದುರು ಇಟ್ಟು ನೋಡೋಣ. ಫೋರ್ಡ್ ಮಾಡೆಲ್ ಟಿ, ಡಾಡ್ಜ್ ಬ್ರದರ್ಸ್, ಆಸ್ಟಿನ್ ಸೆವೆನ್ ಚಮ್ಮಿ, 1924ರ ಬ್ಯೂಕ್ ಸಿಕ್ಸ್, ಮತ್ತು ಕೈ ಧಾರಾಳವಾಗಿರುವವರಿಗೆ ರೋಲ್ಸ್ ರಾಯ್ಸ್ ಟ್ವೆಂಟಿ. ಇವನ್ನೇ ಯಾಕೆ ಅಂದರೆ, ಇವು ಇಂದಿಗೂ ಮಾರಾಟಕ್ಕೆ ಬರುತ್ತವೆ, ಬಿಡಿಭಾಗವೂ ಒಂದಲ್ಲ ಒಂದು ಕಡೆ ಸಿಗುತ್ತದೆ. ರೋಲ್ಸ್‌ನ ಸಿಲ್ವರ್ ಘೋಸ್ಟನ್ನು ಬಿಟ್ಟಿದ್ದೇನೆ. ಅದನ್ನು ಕೊಳ್ಳಬಲ್ಲವರು ನನ್ನ ಮಾತು ಕೇಳಿಕೊಂಡು ಕೂರುವುದಿಲ್ಲ.

ಕೊಳ್ಳುವ ಮುಂಚೆ ಕೇಳಿಕೊಳ್ಳಬೇಕಾದ್ದು

ಮೊದಲು ರಸ್ತೆ. ನಿಮ್ಮ ಊರು ಸಮತಟ್ಟೋ, ಏರಿಳಿತವೋ? ಟ್ರಾಫಿಕ್ ಎಷ್ಟು? 1920ರ ದಶಕದ ಆರಂಭದವರೆಗೂ ಅಮೆರಿಕದ ಬಹುತೇಕ ಕಾರುಗಳಲ್ಲಿ ಮುಂದಿನ ಚಕ್ರಕ್ಕೆ ಬ್ರೇಕೇ ಇರಲಿಲ್ಲ. ಇಡೀ ಗಾಡಿಯನ್ನು ಹಿಂದಿನ ಎರಡು ಚಕ್ರಗಳೇ ಹಿಡಿದು ನಿಲ್ಲಿಸಬೇಕು. ಮುಂದಿನ ಸ್ವಿಫ್ಟ್ ಗಕ್ಕನೆ ನಿಂತರೆ ನೀವು ಗಕ್ಕನೆ ನಿಲ್ಲುವುದಿಲ್ಲ. ಕಾರು ಎಷ್ಟು ಜೋರು ಓಡುತ್ತದೆ ಅಂತ ಎಲ್ಲರೂ ಕೇಳುತ್ತಾರೆ, ಹೇಗೆ ನಿಲ್ಲುತ್ತದೆ ಅಂತ ಕೇಳುವವರು ಕಡಿಮೆ. ನಾನು ಬ್ರೇಕನ್ನೇ ಮೊದಲು ನೋಡುತ್ತೇನೆ.

ಆಮೇಲೆ ರಿಪೇರಿ. ಆ ಕಾಲದ ಎಂಜಿನ್ನುಗಳಲ್ಲಿ ಬೇರಿಂಗ್ ಅಂದರೆ ಅಂಗಡಿಯಿಂದ ತಂದು ಕೂರಿಸುವ ವಸ್ತುವಲ್ಲ. ಹೆಚ್ಚಿನವುಗಳಲ್ಲಿ ಬ್ಯಾಬಿಟ್ ಅನ್ನುವ ಮೆತ್ತನೆ ಲೋಹವನ್ನು ಕರಗಿಸಿ, ಸುರಿದು, ಅಳತೆಗೆ ಸರಿಯಾಗಿ ಕೊರೆಯಬೇಕು. ಆ ಕೆಲಸ ಬಲ್ಲವರು ಎಲ್ಲ ದೇಶದಲ್ಲೂ ಕಡಿಮೆ ಆಗುತ್ತಿದ್ದಾರೆ. ಅಗ್ಗದ ಕಾರಿನ ಎಂಜಿನ್ ಪೂರ್ತಿ ಕಟ್ಟಿಸಿದರೆ ಖರ್ಚು ಕಾರಿನ ಬೆಲೆಯ ಹತ್ತಿರಕ್ಕೇ ಹೋಗಬಹುದು. ಹಾಗಾಗಿ ಕೊಟ್ಟಿಗೆಯಲ್ಲಿ ಧೂಳು ಹಿಡಿದು ನಿಂತ ಕಾರು ಅರ್ಧ ಬೆಲೆಗೆ ಸಿಕ್ಕಿತು ಅಂತ ಹಿಗ್ಗಬೇಡಿ. ಓಡುತ್ತಿರುವ ಕಾರಿಗೆ ಜಾಸ್ತಿ ಕೊಟ್ಟವರೇ ಕೊನೆಗೆ ಕಡಿಮೆ ಖರ್ಚು ಮಾಡಿರುತ್ತಾರೆ.

ಮೂರನೆಯದು ಜನ. ಯಾರು ಕೂರುತ್ತಾರೆ, ಯಾರು ಓಡಿಸುತ್ತಾರೆ? ಈ ಕಾರುಗಳಿಗೆ ಗಾಜಿನ ಪಕ್ಕದ ಕಿಟಕಿ ಇಲ್ಲ. ಮಳೆ ಬಂದರೆ ಪರದೆ ಕಟ್ಟಬೇಕು, ಕಟ್ಟುವಷ್ಟರಲ್ಲಿ ಎಲ್ಲರೂ ನೆನೆದಿರುತ್ತಾರೆ. ಆ ಕಾಲದವರಿಗೂ ಇದು ಸಾಕಾಗಿತ್ತು ಅನ್ನಿ. 1925ರ ಹೊತ್ತಿಗೆ ಎಸ್ಸೆಕ್ಸ್ ಕಂಪನಿಯ ಮುಚ್ಚಿದ ಕಾರು ಅದರದೇ ಟೂರಿಂಗ್‌ಗಿಂತ ಅಗ್ಗವಾಯಿತು, ತೆರೆದ ಕಾರುಗಳ ಕಾಲ ಅಲ್ಲಿಗೆ ಮುಗಿಯುತ್ತಾ ಬಂತು. ಮನೆಯಲ್ಲಿ ವಯಸ್ಸಾದವರಿದ್ದರೆ ಎತ್ತರದ ಫುಟ್‌ಬೋರ್ಡ್ ಹತ್ತಲು ಆಗುತ್ತದೆಯೇ ಅಂತಲೂ ನೋಡಿ. ಇನ್ನು ದುಡ್ಡಿನ ಮಾತು ಒಂದೊಂದು ಕಾರಿನ ಜೊತೆಗೇ ಬರುತ್ತದೆ.

ಮಾಡೆಲ್ ಟಿ: ಕಲಿತರೆ ಸುಲಭ, ಕಲಿಯಲೇಬೇಕು

1908ರಿಂದ 1927ರವರೆಗೆ ಒಂದೂವರೆ ಕೋಟಿಗೂ ಹೆಚ್ಚು ಮಾಡೆಲ್ ಟಿ ತಯಾರಾದವು. ಶುರುವಿನಲ್ಲಿ ಟೂರಿಂಗ್ ಕಾರಿನ ಬೆಲೆ 850 ಡಾಲರ್, 1925ಕ್ಕೆ 290 ಡಾಲರ್. ಆ ಸಂಖ್ಯೆಯ ಪುಣ್ಯ ಇಂದಿಗೂ ನಮಗೆ ಸಿಗುತ್ತಿದೆ. ನಟ್ಟು, ಬೋಲ್ಟಿನಿಂದ ಹಿಡಿದು ಇಡೀ ಬಾಡಿಯವರೆಗೆ ಹೊಸದಾಗಿ ಮಾಡಿದ ಭಾಗ ಅಮೆರಿಕದಲ್ಲಿ ಸಿಗುತ್ತದೆ. ಏನು ಕೆಟ್ಟರೂ ಅದನ್ನು ಬಿಚ್ಚಿ ನೋಡಿದವರು ಯಾರೋ ಒಬ್ಬರು ಇದ್ದೇ ಇರುತ್ತಾರೆ. ಮಾಡೆಲ್ ಟಿ ಫೋರ್ಡ್ ಕ್ಲಬ್ ಆಫ್ ಅಮೆರಿಕಕ್ಕೆ ಬೇರೆ ಬೇರೆ ರಾಜ್ಯಗಳಲ್ಲಿ ಶಾಖೆಗಳಿವೆ. ಸುಮಾರಾಗಿ ಓಡುತ್ತಿರುವ 1920ರ ದಶಕದ ಟೂರಿಂಗ್ ಕಾರನ್ನು ಅಲ್ಲಿ 10ರಿಂದ 20 ಸಾವಿರ ಡಾಲರ್ ಒಳಗೆ ಹುಡುಕಬಹುದು. ಹಿತ್ತಾಳೆ ರೇಡಿಯೇಟರ್ ಇರುವ 1916ರವರೆಗಿನ ಮಾದರಿಗಳಿಗೆ ಬೆಲೆ ಜಾಸ್ತಿ. ಓಡಿಸುವುದರಲ್ಲಿ ಅಂಥ ವ್ಯತ್ಯಾಸವಿಲ್ಲ, ಹೊಳೆಯುವುದಕ್ಕೆ ದುಡ್ಡು.

ಓಡಿಸುವ ರೀತಿ ಮಾತ್ರ ಬೇರೆ ಯಾವ ಕಾರಿನ ಹಾಗೂ ಇಲ್ಲ. ಕಾಲಿನಡಿ ಮೂರು ಪೆಡಲ್. ಎಡಗಡೆಯದನ್ನು ಪೂರ್ತಿ ಒತ್ತಿದರೆ ಲೋ ಗೇರು, ಪೂರ್ತಿ ಬಿಟ್ಟರೆ ಹೈ ಗೇರು, ನಡುವೆ ನ್ಯೂಟ್ರಲ್. ಮಧ್ಯದ್ದು ರಿವರ್ಸ್. ಬಲಗಡೆಯದು ಬ್ರೇಕ್. ಎಕ್ಸಿಲರೇಟರ್ ಕಾಲಲ್ಲಿಲ್ಲ, ಸ್ಟೀರಿಂಗ್ ಕೆಳಗೆ ಬಲಕ್ಕೆ ಒಂದು ಕಡ್ಡಿ. ಎಡಕ್ಕೆ ಇನ್ನೊಂದು ಕಡ್ಡಿ, ಅದು ಸ್ಪಾರ್ಕಿನ ಸಮಯ ಹಿಂದೆ ಮುಂದೆ ಮಾಡಲು. ಮಾಮೂಲಿ ಕಾರು ಓಡಿಸಿ ಅಭ್ಯಾಸ ಇದ್ದವರು ಗಾಬರಿಯಾದಾಗ ಎಡಗಾಲನ್ನು ಜೋರಾಗಿ ಒತ್ತುತ್ತಾರೆ, ಕಾರು ನಿಲ್ಲುವ ಬದಲು ಲೋ ಗೇರಿನಲ್ಲಿ ಮುಂದಕ್ಕೆ ಹೋಗುತ್ತದೆ! ಖಾಲಿ ಮೈದಾನದಲ್ಲಿ ಕಾಲಿಗೆ ಅಭ್ಯಾಸ ಆಗುವವರೆಗೆ ರಸ್ತೆಗೆ ತರಬೇಡಿ. ಅಭ್ಯಾಸವಾದ ಮೇಲೆ ಇದರಷ್ಟು ಸಲೀಸು ಯಾವುದೂ ಇಲ್ಲ. ಮಿಕ್ಕ ಕಾರುಗಳಲ್ಲಿ ಗೇರು ಬದಲಿಸುವಾಗ ಕ್ಲಚ್ ಎರಡು ಸಲ ಒತ್ತಬೇಕು, ಇಲ್ಲದಿದ್ದರೆ ಗರಗರ ಸದ್ದು. ಟಿಯಲ್ಲಿ ಆ ಗೋಳಿಲ್ಲ.

ಹ್ಯಾಂಡಲ್ ಹೊಡೆದು ಸ್ಟಾರ್ಟ್ ಮಾಡುವಾಗ ಸ್ಪಾರ್ಕ್ ಕಡ್ಡಿ ಪೂರ್ತಿ ಮೇಲಿರಬೇಕು. ಎಡಗೈಯಿಂದ, ಹೆಬ್ಬೆರಳನ್ನು ಹ್ಯಾಂಡಲ್‌ಗೆ ಸುತ್ತದೆ, ಕೆಳಗಿನಿಂದ ಮೇಲಕ್ಕೆ ಎಳೆಯಬೇಕು. ಎಂಜಿನ್ ಉಲ್ಟಾ ಒದ್ದರೆ ಕೈ ತಾನಾಗಿ ಬಿಟ್ಟುಕೊಳ್ಳುತ್ತದೆ. ಬಲಗೈಯಲ್ಲಿ ಬಿಗಿಯಾಗಿ ಹಿಡಿದು ಒತ್ತಿದವರು ಮಣಿಕಟ್ಟು ಮುರಿದುಕೊಂಡಿದ್ದಾರೆ. ಇದು ಬೇಡ ಅಂದರೆ 1919ರ ನಂತರದ್ದು, ಎಲೆಕ್ಟ್ರಿಕ್ ಸ್ಟಾರ್ಟರ್ ಇರುವುದು ಹುಡುಕಿ.

ಈಗ ಬ್ರೇಕು. ಕಾಲಿನ ಬ್ರೇಕ್ ಚಕ್ರವನ್ನು ಹಿಡಿಯುವುದೇ ಇಲ್ಲ. ಗೇರುಪೆಟ್ಟಿಗೆಯೊಳಗಿನ ಒಂದು ಡ್ರಮ್ಮನ್ನು ಪಟ್ಟಿ ಹಿಡಿಯುತ್ತದೆ, ಆ ಹಿಡಿತ ಹಿಂದಿನ ಆಕ್ಸಲ್ ಮೂಲಕ ಚಕ್ರಕ್ಕೆ ಹೋಗುತ್ತದೆ. ಆಕ್ಸಲ್ ಒಳಗೆ ಕಾರ್ಖಾನೆಯವರು ಹಾಕಿದ್ದು ಬ್ಯಾಬಿಟ್ ವಾಷರ್. ನೂರು ವರ್ಷದಲ್ಲಿ ಅದು ಪುಡಿಯಾಗುತ್ತದೆ. ಪುಡಿಯಾದರೆ ಹಲ್ಲುಗಳು ಒಂದಕ್ಕೊಂದು ಸಿಗುವುದಿಲ್ಲ, ಎಂಜಿನ್ನಿಗೂ ಚಕ್ರಕ್ಕೂ ಸಂಬಂಧ ತಪ್ಪುತ್ತದೆ, ಕಾಲಿನ ಬ್ರೇಕೂ ಹೋಗುತ್ತದೆ. ಇಳಿಜಾರಿನಲ್ಲಿ ಇದಾದರೆ ಉಳಿಯುವುದು ಹ್ಯಾಂಡ್‌ಬ್ರೇಕ್ ಒಂದೇ, ಅದು ಕಾರು ನಿಂತಾಗ ಹಿಡಿದಿಡಲು ಮಾಡಿದ್ದು. ಆದ್ದರಿಂದ ಯಾವ ಮಾಡೆಲ್ ಟಿ ನೋಡಿದರೂ ಮೊದಲ ಪ್ರಶ್ನೆ: "ಹಿಂದಿನ ಆಕ್ಸಲ್‌ಗೆ ಕಂಚಿನ ವಾಷರ್ ಹಾಕಿಸಿದ್ದೀರಾ?" ಉತ್ತರ ಗೊತ್ತಿಲ್ಲದಿದ್ದರೆ ಅದನ್ನು ಬಿಚ್ಚಿ ಹಾಕಿಸುವ ಖರ್ಚನ್ನು ಬೆಲೆಯಲ್ಲಿ ಕಡಿಯಿರಿ. ಹಿಂದಿನ ಚಕ್ರಗಳಿಗೆ ಹೊರಗಿನಿಂದ ಕಟ್ಟುವ ರಾಕಿ ಮೌಂಟನ್ ಬ್ರೇಕ್ ಇದ್ದರೆ ಇನ್ನೂ ಒಳ್ಳೆಯದು.

ಏರು ಇದರ ದೌರ್ಬಲ್ಯ. 2.9 ಲೀಟರ್ ಎಂಜಿನ್ನಿಗೆ 20 ಅಶ್ವಶಕ್ತಿ, ಗೇರು ಎರಡೇ. ಹೈನಲ್ಲಿ ಏರದಿದ್ದರೆ ಲೋನಲ್ಲಿ ಕಾಲನ್ನು ಒತ್ತಿಕೊಂಡೇ ತೆವಳಬೇಕು. ರಕ್‌ಸ್ಟೆಲ್ ಆಕ್ಸಲ್ ಹಾಕಿದ್ದರೆ ನಡುವೆ ಇನ್ನೊಂದು ಗೇರು ಸಿಗುತ್ತದೆ. ಪೆಟ್ರೋಲ್ ಪಂಪ್ ಇಲ್ಲ, ಸೀಟಿನ ಕೆಳಗಿನ ಟ್ಯಾಂಕಿನಿಂದ ತಾನಾಗಿ ಇಳಿದು ಬರಬೇಕು. ಟ್ಯಾಂಕ್ ಅರೆಬರೆ ಇದ್ದಾಗ ಕಡಿದಾದ ಏರು ಬಂದರೆ ಹಳಬರು ಕಾರು ತಿರುಗಿಸಿ ರಿವರ್ಸಿನಲ್ಲೇ ಹತ್ತುತ್ತಿದ್ದರು. ಸಮತಟ್ಟಿನಲ್ಲಿ ಗಂಟೆಗೆ 50–55 ಕಿಲೋಮೀಟರ್ ಹಿತವಾದ ವೇಗ.

ಡಾಡ್ಜ್ ಬ್ರದರ್ಸ್: ಸದ್ದಿಲ್ಲದ ಕೆಲಸಗಾರ

ಜಾನ್ ಮತ್ತು ಹೊರೇಸ್ ಡಾಡ್ಜ್ ಅಣ್ಣತಮ್ಮಂದಿರು ವರ್ಷಗಟ್ಟಲೆ ಫೋರ್ಡ್‌ಗೆ ಭಾಗಗಳನ್ನು ಮಾಡಿಕೊಟ್ಟವರು. ಫೋರ್ಡ್ ಕಾರಿನಲ್ಲಿ ಏನು ಕಮ್ಮಿ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. 1914ರ ನವೆಂಬರಿನಲ್ಲಿ ತಮ್ಮದೇ ಕಾರು ತಂದರು. ಬೆಲೆ 785 ಡಾಲರ್. 3.5 ಲೀಟರ್ ಎಂಜಿನ್, 35 ಅಶ್ವಶಕ್ತಿ, ಮೂರು ಗೇರು, ಪೂರ್ತಿ ಉಕ್ಕಿನ ಬಾಡಿ. ಮರದ ಚೌಕಟ್ಟಿನ ಮೇಲೆ ತಗಡು ಹೊಡೆದ ಕಾರುಗಳಲ್ಲಿ ನೂರು ವರ್ಷಕ್ಕೆ ಮರ ಲಡ್ಡಾಗಿ ಬಾಗಿಲು ಜೋತುಬೀಳುತ್ತದೆ. ಡಾಡ್ಜ್ ಕೊಂಡವರಿಗೆ ಆ ತಲೆನೋವು ಕಡಿಮೆ.

ಇದರ ಸ್ಟಾರ್ಟರ್ ನನಗೆ ಬಹಳ ಇಷ್ಟ. ಸ್ಟಾರ್ಟರ್, ಡೈನಮೊ ಎರಡೂ ಒಂದೇ ಯಂತ್ರ, ಚೈನ್ ಮೂಲಕ ಎಂಜಿನ್ನಿಗೆ ಸದಾ ಕಟ್ಟಿಕೊಂಡಿರುತ್ತದೆ. ಒತ್ತಿದರೆ ಕರ್ರ್ ಅನ್ನುವ ಸದ್ದಿಲ್ಲ, ಎಂಜಿನ್ ಮೆಲ್ಲಗೆ ತಿರುಗಿ ಹೊತ್ತಿಕೊಳ್ಳುತ್ತದೆ. ಸಿಗ್ನಲ್ಲಿನಲ್ಲಿ ಎಂಜಿನ್ ನಿಂತುಹೋಗುವ ಹಾಗಾದರೆ ಅದೇ ಯಂತ್ರ ಮತ್ತೆ ತಿರುಗಿಸುತ್ತದೆ. ಅದೂ ಆಗಿನ ಕಾಲಕ್ಕೇ 12 ವೋಲ್ಟ್, ಅಂದರೆ ಬ್ಯಾಟರಿಗೆ ಪರದಾಡಬೇಕಿಲ್ಲ. ಹ್ಯಾಂಡಲ್ ಹೊಡೆಯುವ ಶಕ್ತಿಯಿಲ್ಲದವರಿಗೆ, ಮನೆಯವರೆಲ್ಲ ಸರದಿಯಲ್ಲಿ ಓಡಿಸಬೇಕು ಅನ್ನುವವರಿಗೆ ನಾನು ಟಿಗಿಂತ ಡಾಡ್ಜನ್ನೇ ಹೇಳುತ್ತೇನೆ.

ಗಟ್ಟಿತನಕ್ಕೆ ಸೈನ್ಯದ ಸಾಕ್ಷಿ ಇದೆ. 1916ರಲ್ಲಿ ಮೆಕ್ಸಿಕೊದಲ್ಲಿ ಅಲ್ಲಿನ ಬಂಡಾಯಗಾರ ಪಾಂಚೊ ವಿಯಾನ ಬೆನ್ನಟ್ಟಿದ್ದ ಅಮೆರಿಕದ ಸೇನೆ ಈ ಟೂರಿಂಗ್ ಕಾರುಗಳನ್ನು ಬಳಸಿತು. ಮುಂದೆ ಹೆಸರಾಂತ ಜನರಲ್ ಆದ, ಆಗಿನ್ನೂ ಲೆಫ್ಟಿನೆಂಟ್ ಆಗಿದ್ದ ಜಾರ್ಜ್ ಪ್ಯಾಟನ್ ಮೂರು ಡಾಡ್ಜ್‌ಗಳಲ್ಲಿ ಹೋಗಿ ಶತ್ರುಗಳ ಅಡಗುತಾಣದ ಮೇಲೆ ಬಿದ್ದ. ರಸ್ತೆಯೇ ಇಲ್ಲದ ಜಾಗದಲ್ಲಿ ಓಡಿದ ಕಾರು, ನಮ್ಮ ಭಾನುವಾರದ ಸುತ್ತಾಟಕ್ಕೆ ಹೆದರುವುದಿಲ್ಲ.

ತೊಂದರೆ ಎರಡು. ಗೇರಿನ ನಕ್ಷೆ ಮಾಮೂಲಿಗೆ ಉಲ್ಟಾ. ಕೈ ಅಭ್ಯಾಸಬಲದಿಂದ ಹೋದ ಕಡೆ ಬೇರೆ ಗೇರು ಸಿಗುತ್ತದೆ. ಇನ್ನೊಂದು, ಬಿಡಿಭಾಗ ಫೋರ್ಡ್‌ನಷ್ಟು ಸುಲಭವಿಲ್ಲ. ಸಿಗುವುದಿಲ್ಲ ಅಂತಲ್ಲ, ಹುಡುಕಬೇಕು, ಹಳೆಯ ಭಾಗಕ್ಕೆ ಕಾಯಬೇಕು. ಬೆಲೆ ಹೆಚ್ಚುಕಡಿಮೆ ಮಾಡೆಲ್ ಟಿಯ ಆಸುಪಾಸಿನಲ್ಲೇ ಇರುವುದರಿಂದ, ಅದೇ ದುಡ್ಡಿಗೆ ನಿಮಗೆ ದೊಡ್ಡ, ಗಟ್ಟಿ ಕಾರು ಸಿಕ್ಕಹಾಗಾಯಿತು. 60 ಕಿಲೋಮೀಟರ್ ವೇಗದಲ್ಲಿ ದಿನವಿಡೀ ಹೋಗಬಹುದು. ಬ್ರೇಕ್ ಹಿಂದಿನ ಚಕ್ರಕ್ಕೆ ಮಾತ್ರ, ಆದರೆ ಚಕ್ರಕ್ಕೇ. 1915ರ ಕಾರಾದರೆ ಇನ್ನೊಂದು ಅನುಕೂಲ: ಅಮೆರಿಕದ ಹಾರ್ಸ್‌ಲೆಸ್ ಕ್ಯಾರೇಜ್ ಕ್ಲಬ್ಬಿನ ಯಾತ್ರೆಗಳಿಗೆ 1916ಕ್ಕೆ ಮುಂಚಿನ ಕಾರೇ ಆಗಬೇಕು. ಆ ಒಂದು ವರ್ಷದ ವ್ಯತ್ಯಾಸಕ್ಕೆ ಬೆಲೆ ಏರುತ್ತದೆ ಅನ್ನೋದೂ ನೆನಪಿರಲಿ.

ಆಸ್ಟಿನ್ ಸೆವೆನ್ ಚಮ್ಮಿ: ಇಬ್ಬರಿಗೆ ಮತ್ತು ಮಕ್ಕಳಿಗೆ

ಇಂಗ್ಲೆಂಡಿನಲ್ಲಿದ್ದರೆ ಇಲ್ಲಿಂದಲೇ ಶುರುಮಾಡಿ. ಆ ಕಾಲದಲ್ಲಿ, 1921ರಿಂದ, ಅಲ್ಲಿ ಎಂಜಿನ್ನಿನ ಅಳತೆ ನೋಡಿ ತೆರಿಗೆ ಹಾಕುತ್ತಿದ್ದರು, ಆ ಅಳತೆಯಿಂದ ಲೆಕ್ಕಹಾಕಿದ ಒಂದೊಂದು ಅಶ್ವಶಕ್ತಿಗೆ ಒಂದೊಂದು ಪೌಂಡ್. ಮಾಡೆಲ್ ಟಿಗೆ ವರ್ಷಕ್ಕೆ 23 ಪೌಂಡ್ ಬೀಳುತ್ತಿದ್ದರೆ ಸೆವೆನ್‌ಗೆ 8 ಪೌಂಡ್. 1922ರಲ್ಲಿ ಹರ್ಬರ್ಟ್ ಆಸ್ಟಿನ್ ಈ ಪುಟ್ಟ ಕಾರು ತಂದದ್ದು ಸೈಡ್‌ಕಾರ್ ಕಟ್ಟಿದ ಬೈಕಿನಲ್ಲಿ ಓಡಾಡುತ್ತಿದ್ದ ಸಂಸಾರಗಳಿಗಾಗಿ. ಬೇಗನೆ ನೆಲೆನಿಂತ 747 ಸಿಸಿ ಎಂಜಿನ್, ಮುಂದಿನ, ಹಿಂದಿನ ಚಕ್ರಗಳ ನಡುವೆ ಆರೂಕಾಲು ಅಡಿ. 1939ರವರೆಗೆ ಸುಮಾರು 2,90,000 ತಯಾರಾದವು. ಜರ್ಮನಿಯಲ್ಲಿ ಇದನ್ನೇ ಡಿಕ್ಸಿ ಹೆಸರಲ್ಲಿ ಮಾಡಿದರು, ಬಿಎಂಡಬ್ಲ್ಯು ಕಾರು ಕಟ್ಟಲು ಇಳಿದದ್ದು ಆ ಕಂಪನಿಯನ್ನು ಕೊಂಡು.

ಚಮ್ಮಿ ಅನ್ನುವುದು ಇದರ ಟೂರಿಂಗ್ ರೂಪ. ಮುಂದೆ ಇಬ್ಬರು ದೊಡ್ಡವರು ಭುಜಕ್ಕೆ ಭುಜ ತಾಗಿಸಿ ಕೂರಬಹುದು. ಹಿಂದಿನದು ಮಕ್ಕಳ ಸೀಟು. ಅತ್ತೆ ಮಾವನನ್ನು ಕರೆದುಕೊಂಡು ಹೋಗುವ ಯೋಚನೆ ಇದ್ದರೆ ಈ ಕಾರು ಬಿಡಿ. ಸಣ್ಣ ಗ್ಯಾರೇಜು, ಇಬ್ಬರೇ, ಕೈಯಲ್ಲಿ ಸ್ಪ್ಯಾನರ್ ಹಿಡಿಯುವ ಆಸೆ ಇದ್ದರೆ ಇದಕ್ಕಿಂತ ಒಳ್ಳೆಯ ಗುರು ಸಿಗುವುದಿಲ್ಲ. ಎಂಜಿನ್ ಎತ್ತಿ ಇಳಿಸಲು ಕ್ರೇನ್ ಬೇಕಿಲ್ಲ, ಬಿಡಿಭಾಗ ಧಾರಾಳ.

ಕ್ಲಚ್ ಬಗ್ಗೆ ಎಚ್ಚರ. ಪೆಡಲ್ ಚಲಿಸುವುದೇ ಒಂದಿಷ್ಟು, ಅಷ್ಟರಲ್ಲೇ ಹಿಡಿಯುವುದೂ ಬಿಡುವುದೂ ಆಗಬೇಕು. ಮೊದಲ ವಾರ ಕಾರು ಕಪ್ಪೆಯ ಹಾಗೆ ಕುಪ್ಪಳಿಸುತ್ತದೆ. ಬ್ರೇಕ್ ನಾಲ್ಕೂ ಚಕ್ರಕ್ಕೆ ಇದೆ ಅಂತ ಜಾಹೀರಾತಿನಲ್ಲಿ ಬರೆದಿರುತ್ತಾರೆ. ನಿಜ, ಆದರೆ 1930ಕ್ಕೆ ಮುಂಚೆ ಕಾಲಿನದು ಹಿಂದಕ್ಕೆ, ಕೈಯದು ಮುಂದಕ್ಕೆ. ಎರಡನ್ನೂ ಒಟ್ಟಿಗೆ ಹಾಕಿದರೂ ಅಂಥ ಹಿಡಿತವೇನಿಲ್ಲ. ಕಾರು ಹಗುರ ಅನ್ನುವುದೊಂದೇ ಸಮಾಧಾನ.

ಕೊಳ್ಳುವಾಗ ಮೋಸ ಹೋಗುವ ಜಾಗ ಬಾಡಿ. ಹಳೇ ಸಲೂನ್ ಕಾರಿನ ಬಾಡಿ ತೆಗೆದು ಹೊಸ ಚಮ್ಮಿ ಬಾಡಿ ಕೂರಿಸಿದ ಕಾರುಗಳು ಬೇಕಾದಷ್ಟಿವೆ. ಓಡಿಸಲು ಅವೂ ಚೆನ್ನಾಗಿಯೇ ಇರುತ್ತವೆ. ಅಸಲಿ ಚಮ್ಮಿಯ ಬೆಲೆ ಕೊಡಬೇಡಿ, ಅಷ್ಟೇ.

1924ರ ಬ್ಯೂಕ್ ಸಿಕ್ಸ್: ಬೆಟ್ಟದ ಊರಿಗೆ

ನಿಮ್ಮ ಸುತ್ತ ಗುಡ್ಡಬೆಟ್ಟ ಇದ್ದರೆ ನನ್ನ ಮತ ಇದಕ್ಕೆ. ಬ್ಯೂಕ್ ಮೊದಲಿನಿಂದಲೂ ವಾಲ್ವ್ ಮೇಲಿರುವ ಎಂಜಿನ್ ಮಾಡುತ್ತಿತ್ತು, ಅದೇ ಅಳತೆಗೆ ಹೆಚ್ಚು ಶಕ್ತಿ ಬರುತ್ತಿತ್ತು. 1924ರ ದೊಡ್ಡ ಸಿಕ್ಸ್‌ನಲ್ಲಿ 4.2 ಲೀಟರ್, 70 ಅಶ್ವಶಕ್ತಿ. ಅದಕ್ಕಿಂತ ಮುಖ್ಯ, ಆ ವರ್ಷದಿಂದ ನಾಲ್ಕೂ ಚಕ್ರಕ್ಕೆ ಬ್ರೇಕ್ ಬಂತು, ಒಂದೇ ಪೆಡಲ್ಲಿಗೆ. 1923ರ ಕಾರು ಸ್ವಲ್ಪ ಅಗ್ಗಕ್ಕೆ ಸಿಕ್ಕಿತು ಅಂತ ಹೋಗಬೇಡಿ. 1924ರದ್ದೂ ಪಟ್ಟಿ ಹೊರಗಿನಿಂದ ಡ್ರಮ್ಮನ್ನು ಬಿಗಿಯುವ ಬ್ರೇಕ್ ಆದ್ದರಿಂದ ಮಳೆಯಲ್ಲಿ ಒದ್ದೆಯಾದರೆ ಜಾರುತ್ತದೆ. ಅದೊಂದು ಬಿಟ್ಟರೆ 70 ಕಿಲೋಮೀಟರ್ ವೇಗದಲ್ಲಿ ಧೈರ್ಯವಾಗಿ ಹೋಗಬಹುದು.

ಇದರ ಕಾಯಿಲೆ ಕಾರ್ಬುರೇಟರ್. ಮಾರ್ವೆಲ್ ಕಂಪನಿಯದು, ಕಡಿಮೆ ದರ್ಜೆಯ ಎರಕದ ಲೋಹ. ವರ್ಷ ಕಳೆದಂತೆ ಅದು ತಾನಾಗಿಯೇ ಉಬ್ಬಿ ಬಿರುಕು ಬಿಡುತ್ತದೆ. ಕಾರು ನೋಡಲು ಹೋದಾಗ ಬಾನೆಟ್ ಎತ್ತಿ, ಅದರ ಮೈಮೇಲೆ ಬೆರಳಾಡಿಸಿ ನೋಡಿ. ಬದಲಿ ಹಾಕಿದ್ದರೆ ಅದನ್ನು ದೋಷ ಅಂತ ಎಣಿಸಬೇಡಿ, ಹಿಂದಿನ ಮಾಲೀಕರು ಬುದ್ಧಿವಂತರು. ಬಿಡಿಭಾಗ ಡಾಡ್ಜ್‌ಗಿಂತಲೂ ಕಷ್ಟ, ಪೆಟ್ರೋಲೂ ಜಾಸ್ತಿ ಕುಡಿಯುತ್ತದೆ. ಆದರೆ ಐದು ಜನ ಆರಾಮಾಗಿ ಕೂರಬಹುದು.

ರೋಲ್ಸ್ ರಾಯ್ಸ್ ಟ್ವೆಂಟಿ

1922ರಿಂದ 1929ರವರೆಗೆ 2,940 ತಯಾರಾದವು. 3.1 ಲೀಟರ್, ಆರು ಸಿಲಿಂಡರ್, ಮಾಲೀಕರು ತಾವೇ ಓಡಿಸಲಿ ಅಂತ ಮಾಡಿದ ಸಣ್ಣ ರೋಲ್ಸ್. ಕೆಲಸದ ನಯ ನೋಡಿದರೆ ಮಿಕ್ಕ ನಾಲ್ಕೂ ಕಾರು ಪಕ್ಕಕ್ಕೆ ಸರಿಯಬೇಕು. ವೇಗದಲ್ಲಿ ಮಾತ್ರ ಬ್ಯೂಕ್‌ಗಿಂತ ಮುಂದೇನಿಲ್ಲ. ಕಂಪನಿ ಕೊಡುತ್ತಿದ್ದದ್ದು ಬರೀ ಛಾಸಿ, ಅಂದರೆ ಎಂಜಿನ್ನು ಚಕ್ರ ಇರುವ ಚೌಕಟ್ಟು, ಬಾಡಿ ಕಟ್ಟುತ್ತಿದ್ದವರು ಬೇರೆ. ಹಾಗಾಗಿ ಇಂದು ಕಾಣುವ ಎಷ್ಟೋ ಟೂರಿಂಗ್ ಟ್ವೆಂಟಿಗಳು ಹುಟ್ಟಿದ್ದು ಮುಚ್ಚಿದ ಕಾರಾಗಿ. ಮೊದಲ ಬಾಡಿ ಯಾವುದಿತ್ತು ಅಂತ ದಾಖಲೆ ಕೇಳಿ, ಬೆಲೆ ಅದರ ಮೇಲೆ ನಿಲ್ಲುತ್ತದೆ. 1925ರ ನಂತರದ, ನಾಲ್ಕು ಚಕ್ರಕ್ಕೂ ಬ್ರೇಕ್ ಇರುವ ಕಾರೇ ಬೇಕು. ಕೊಳ್ಳುವುದು ಒಂದು ಸಲದ ಖರ್ಚು, ಒಂದು ಸಣ್ಣ ಎಂಜಿನ್ ಕೆಲಸಕ್ಕೂ ಬೀಳುವ ಬಿಲ್ಲಿನಲ್ಲಿ ಒಂದು ಮಾಡೆಲ್ ಟಿ ಬಂದುಬಿಡಬಹುದು.

ಊರಲ್ಲೇ ಇಟ್ಟುಕೊಳ್ಳುವವರಿಗೆ

ಕರ್ನಾಟಕದಲ್ಲಿ ಕೊಳ್ಳುವವರ ಅಗತ್ಯವೇ ಬೇರೆ. 2021ರ ಕೇಂದ್ರದ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲಿರುವ ವಾಹನಕ್ಕೆ ವಿಂಟೇಜ್ ನೋಂದಣಿ ಸಿಗುತ್ತದೆ. ನಂಬರಿನಲ್ಲಿ ವಿಎ ಅನ್ನುವ ಅಕ್ಷರ ಬರುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಕ್ಕೆ. ಮತ್ತೆ ಮಾಡಿಸಲು 5,000. ಮೊದಲೇ ನೋಂದಣಿ ಇರುವ ಕಾರು ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು. ಆದರೆ ವಿಂಟೇಜ್ ನೋಂದಣಿಯ ಕಾರನ್ನು ದಿನಾ ಓಡಿಸುವ ಹಾಗಿಲ್ಲ. ರ‍್ಯಾಲಿ, ಪ್ರದರ್ಶನ, ಪೆಟ್ರೋಲ್ ಹಾಕಿಸುವುದು, ರಿಪೇರಿ, ಇಂಥದ್ದಕ್ಕೆ ಮಾತ್ರ. ಅಂದಮೇಲೆ ದಿನವಿಡೀ 70ರಲ್ಲಿ ಹೋಗುವ ಕಾರಿಗೆ ಇಲ್ಲಿ ಜಾಸ್ತಿ ಕೊಡುವುದರಲ್ಲಿ ಅರ್ಥವಿಲ್ಲ. ತಿಂಗಳುಗಟ್ಟಲೆ ನಿಂತಿದ್ದು, ಕರೆದಾಗ ಸ್ಟಾರ್ಟ್ ಆಗುವ ಸರಳ ಕಾರು ಬೇಕು. ಮಾಡೆಲ್ ಟಿ, ಇಲ್ಲವೇ ಆಸ್ಟಿನ್ ಸೆವೆನ್.

ಭಾರತಕ್ಕೆ ಆಗ ಬಂದ ಮಾಡೆಲ್ ಟಿಗಳು ಹೆಚ್ಚಾಗಿ ಕೆನಡಾದ ಫೋರ್ಡ್ ಕಾರ್ಖಾನೆಯವು, ಬಲಗಡೆ ಸ್ಟೀರಿಂಗ್. ಗುರುತು ಹಿಡಿಯಲು ಬಾಗಿಲು ನೋಡಿ. ಅಮೆರಿಕದಲ್ಲಿ 1912ರಿಂದ 1925ರವರೆಗೆ ಮಾಡಿದ ಟೂರಿಂಗ್‌ನಲ್ಲಿ ಮುಂದಿನ ಎಡಬಾಗಿಲು ಬರೀ ತಗಡಿನ ಮೇಲೆ ಒತ್ತಿದ ಗೆರೆ, ತೆರೆಯುವುದಿಲ್ಲ. ಕೆನಡಾದ್ದರಲ್ಲಿ ಅದು ನಿಜವಾದ ಬಾಗಿಲು. ಹೊರದೇಶದಿಂದ ತರಿಸುವುದಾದರೆ ಸುಂಕ, ತೆರಿಗೆ ಎಲ್ಲ ಸೇರಿ ಕಾರಿನ ಬೆಲೆಯನ್ನೇ ಮೀರುತ್ತದೆ. ಇಲ್ಲೇ ಇರುವ ಕಾರನ್ನು ಹುಡುಕುವುದು ಲೇಸು. ಆಗುಂಬೆ, ಚಾರ್ಮಾಡಿ ಕಡೆ ರ‍್ಯಾಲಿಗೆ ಹೋಗುವ ಆಸೆ ಇದ್ದರೆ ಮಾಡೆಲ್ ಟಿಯನ್ನು ಘಾಟಿಯ ಬುಡದವರೆಗೆ ಲಾರಿಯಲ್ಲಿ ಕಳಿಸುವುದಲ್ಲ, ಘಾಟಿಯ ಆಚೆಯವರೆಗೂ ಕಳಿಸಿ.

ಪೆಟ್ರೋಲಿನ ವಿಷಯ ಒಂದಿದೆ. ಈಗ ಬಂಕಿನಲ್ಲಿ ಬರುವುದು ಶೇಕಡ 20 ಎಥನಾಲ್ ಬೆರೆತದ್ದು. ಹಳೇ ಕಾರ್ಬುರೇಟರಿನ ತೇಲು (ಫ್ಲೋಟ್) ಬಿರಡೆಯದಾಗಿದ್ದು, ಅಂದರೆ ಕಾರ್ಕಿನದಾಗಿದ್ದು, ಅದಕ್ಕೆ ಅರಗು ಬಳಿದಿದ್ದರೆ, ಅರಗು ಎಥನಾಲಿನಲ್ಲಿ ಕರಗುತ್ತದೆ. ಬಿರಡೆ ಪೆಟ್ರೋಲ್ ಹೀರಿ ಮುಳುಗುತ್ತದೆ, ಕಾರ್ಬುರೇಟರ್ ಉಕ್ಕಿ ಹರಿಯುತ್ತದೆ. ಹಿತ್ತಾಳೆ ತೇಲು ಹಾಕಿಸಿ. ತಿಂಗಳುಗಟ್ಟಲೆ ನಿಲ್ಲಿಸುವಾಗ ಟ್ಯಾಂಕ್ ಖಾಲಿ ಮಾಡಿ.

ಮುಂಗಡ ಕೊಡುವ ಮುಂಚೆ ಧರ್ಮಸ್ಥಳದ ಕಾರು ಸಂಗ್ರಹಾಲಯಕ್ಕೋ ಶ್ರೀರಂಗಪಟ್ಟಣದ ಬಳಿಯ 'ಪಯಣ' ಸಂಗ್ರಹಾಲಯಕ್ಕೋ ಅಳತೆ ಟೇಪ್ ಹಿಡಿದುಕೊಂಡು ಹೋಗಿ ಬನ್ನಿ. ಫೋಟೊದಲ್ಲಿ ಪುಟ್ಟದಾಗಿ ಕಾಣುವ ಮಾಡೆಲ್ ಟಿ ಹುಡ್ ಎತ್ತಿದರೆ ಏಳಡಿ ಹತ್ತಿರ ಬರುತ್ತದೆ, ನಿಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ತೊಲೆ ಎಷ್ಟು ಎತ್ತರವಿದೆ ಅಂತ ಅಳೆದುಕೊಳ್ಳಿ. ಕೊನೆಗೆ ಕಾಗದ. ಮಾಡೆಲ್ ಟಿಯಲ್ಲಿ ಎಂಜಿನ್ ನಂಬರೇ ಕಾರಿನ ನಂಬರು, ಬ್ಲಾಕಿನ ಎಡಗಡೆ, ನೀರು ಒಳಗೆ ಹೋಗುವ ಕೊಳವೆಯ ಮೇಲ್ಭಾಗದಲ್ಲಿ ಕೊರೆದಿರುತ್ತದೆ. ಎಂಜಿನ್ ಬದಲಾಗಿ 1915ರ ಬಾಡಿಯೊಳಗೆ 1924ರ ಎಂಜಿನ್ ಕೂತಿರುವುದು ಮಾಮೂಲು. ಆರ್‌ಸಿಯಲ್ಲಿರುವ ನಂಬರು ಬ್ಲಾಕಿನ ಮೇಲಿಲ್ಲದಿದ್ದರೆ, ಮಾರುವವರು ಆರ್‌ಟಿಒದಲ್ಲಿ ಅದನ್ನು ಸರಿಮಾಡಿಸಿ ಕೊಡುವವರೆಗೆ ದುಡ್ಡು ಕೊಡಬೇಡಿ.